ರೈಫಲ್ ಬ್ಯಾರೆಲ್ ಟ್ಯೂನರ್ ಎಂದರೇನು? ತುದಿಗೆ ಕಟ್ಟುವ ಪುಟ್ಟ ಭಾರದಿಂದ ಗುರಿ ನಿಜಕ್ಕೂ ಸುಧಾರಿಸುತ್ತದೆಯೇ? ಇಲ್ಲಿದೆ ಮಾಹಿತಿ

2012ರ ಲಂಡನ್ ಒಲಿಂಪಿಕ್ಸ್. ಪುರುಷರ 50 ಮೀಟರ್ ರೈಫಲ್ ಪ್ರೋನ್ ಫೈನಲ್‌ನಲ್ಲಿ ಭಾರತದ ಜಾಯ್‌ದೀಪ್ ಕರ್ಮಾಕರ್ 699.1 ಅಂಕ ಗಳಿಸಿದರು. ಕಂಚು ಗೆದ್ದ ಸ್ಲೊವೇನಿಯಾದ ರಾಜ್ಮಂಡ್ ಡೆಬೆವೆಚ್ ಅವರ ಅಂಕ 701.0. ಒಟ್ಟು 70 ಗುಂಡುಗಳ ಸ್ಪರ್ಧೆಯಲ್ಲಿ ಪದಕ ಕೈತಪ್ಪಿದ್ದು ಕೇವಲ 1.9 ಅಂಕದಿಂದ. ಕರ್ಮಾಕರ್ ನಾಲ್ಕನೇ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು.

ಈ ಕ್ರೀಡೆಯಲ್ಲಿ ಸೋಲು-ಗೆಲುವು ನಿರ್ಧಾರವಾಗುವುದು ಮಿಲಿಮೀಟರ್ ಲೆಕ್ಕದಲ್ಲಿ. ಹಾಗಾಗಿಯೇ ಆ ಒಂದೆರಡು ಮಿಲಿಮೀಟರ್ ಉಳಿಸಿಕೊಡುವ ಯಾವುದೇ ಸಾಧನಕ್ಕೆ ಶೂಟರ್‌ಗಳು ಹಣ ಕೊಡಲು ಸಿದ್ಧ. ಅಂಥ ಸಾಧನಗಳ ಪೈಕಿ ಅತಿ ಹೆಚ್ಚು ಚರ್ಚೆಗೆ ಒಳಗಾಗಿರುವುದು ಬ್ಯಾರೆಲ್ ಟ್ಯೂನರ್. ರೈಫಲ್‌ನ ಬಾಯಿಯ ಬಳಿ ಉಂಗುರದಂತೆ ಕೂರುವ, ತಿರುಗಿಸಿದರೆ ಹಿಂದೆ-ಮುಂದೆ ಸರಿಯುವ ಲೋಹದ ತುಂಡು ಇದು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್‌ನಲ್ಲಿ ಕಂಚು ಗೆದ್ದರು. ಪುಣೆಯ ಬಾಲೇವಾಡಿ ರೇಂಜ್‌ನಲ್ಲಿ ಅಭ್ಯಾಸ ಮಾಡಿದ ಅವರ ಸಾಧನೆ ಅನೇಕ ಮಕ್ಕಳನ್ನು ಈ ಕ್ರೀಡೆಯತ್ತ ಸೆಳೆದಿದೆ. ಮಕ್ಕಳು ಏರ್ ರೈಫಲ್‌ನಿಂದ .22 ರೈಫಲ್‌ಗೆ ಬಡ್ತಿ ಪಡೆದ ಕೂಡಲೇ ಅಪ್ಪ-ಅಮ್ಮಂದಿರ ಮುಂದೆ ಬರುವ ಪ್ರಶ್ನೆಗಳಲ್ಲಿ ಇದೂ ಒಂದು: ಟ್ಯೂನರ್ ಕೊಡಿಸಬೇಕೇ, ಬೇಡವೇ?

ಉತ್ತರ 'ಹೌದು' ಅಥವಾ 'ಇಲ್ಲ' ಎಂಬ ಒಂದೇ ಪದದಲ್ಲಿಲ್ಲ. ಅದಕ್ಕೆ ಮೊದಲು ಈ ಸಾಧನ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಗೊತ್ತಿರಬೇಕು.

ಮುಖ್ಯಾಂಶಗಳು

- ಟ್ಯೂನರ್ ಬ್ಯಾರೆಲ್‌ನ ಕಂಪನವನ್ನು ನಿಲ್ಲಿಸುವುದಿಲ್ಲ. ಕಂಪನದ ಲಯವನ್ನು ಬದಲಿಸುತ್ತದೆ.
- .22 ರೈಫಲ್‌ನಲ್ಲಿ 50 ಮೀಟರ್ ದೂರಕ್ಕೆ ಗುಂಡಿನ ವೇಗದಲ್ಲಿ ಸೆಕೆಂಡಿಗೆ 1 ಮೀಟರ್ ವ್ಯತ್ಯಾಸವಾದರೆ ಗುರಿಯಲ್ಲಿ ಸುಮಾರು ಮುಕ್ಕಾಲು ಮಿಲಿಮೀಟರ್ ಏರುಪೇರು.
- ಬೆಂಚ್‌ರೆಸ್ಟ್ ಶೂಟರ್‌ಗಳು ಟ್ಯೂನರ್ ಮೇಲೆ ವಿಶ್ವಾಸ ಇಟ್ಟಿದ್ದಾರೆ. ಹೆಚ್ಚು ಗುಂಡು ಹಾರಿಸಿ ನಡೆಸಿದ ಕೆಲವು ಪರೀಕ್ಷೆಗಳು ಅದನ್ನು ಪ್ರಶ್ನಿಸಿವೆ.
- ಐದು ಗುಂಡಿನ ಒಂದು ಗ್ರೂಪ್ ನೋಡಿ ತೀರ್ಮಾನಕ್ಕೆ ಬರುವುದೇ ಎಲ್ಲರೂ ಮಾಡುವ ತಪ್ಪು.
- ಹಣ ಖರ್ಚು ಮಾಡುವುದಾದರೆ ಮೊದಲ ಆದ್ಯತೆ ಗುಂಡಿನ ಬ್ಯಾಚ್ ಪರೀಕ್ಷೆಗೆ.

ಬ್ಯಾರೆಲ್ ಟ್ಯೂನರ್ ಹೇಗಿರುತ್ತದೆ?

ಹೆಚ್ಚಿನ ಟ್ಯೂನರ್‌ಗಳಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಬ್ಯಾರೆಲ್‌ನ ತುದಿಗೆ ಬಿಗಿಯಾಗಿ ಹಿಡಿದುಕೊಳ್ಳುವ ಕೊಳವೆ. ಎರಡನೆಯದು ಆ ಕೊಳವೆಯ ಮೇಲಿನ ಮರೆಯಲ್ಲಿ ತಿರುಗುತ್ತಾ ಸರಿಯುವ ಭಾರ. ಕೊಳವೆಯ ಮೇಲೆ ಗೆರೆ ಮತ್ತು ಅಂಕಿಗಳಿರುತ್ತವೆ. ಎಂಜಿನಿಯರಿಂಗ್ ಓದಿದವರು ಕಂಡಿರುವ ಮೈಕ್ರೋಮೀಟರ್‌ನಂತೆಯೇ ಇದೂ ಕೆಲಸ ಮಾಡುತ್ತದೆ. ಒಂದು ಗೆರೆ ತಿರುಗಿಸಿದರೆ ಭಾರ ಕೂದಲೆಳೆಯಷ್ಟು ಮುಂದಕ್ಕೋ ಹಿಂದಕ್ಕೋ ಹೋಗುತ್ತದೆ. ಬೇಕಾದ ಸ್ಥಾನ ಸಿಕ್ಕ ಮೇಲೆ ಅದು ಅಲುಗಾಡದಂತೆ ಲಾಕ್ ಮಾಡಲಾಗುತ್ತದೆ.

ತಂಬೂರಿ ನುಡಿಸುವವರಿಗೆ ಇದು ಹೊಸದೇನಲ್ಲ. ಬಿರಡೆ ತಿರುಗಿಸಿ ಶ್ರುತಿ ಹತ್ತಿರಕ್ಕೆ ತಂದ ಮೇಲೆ, ಕೊನೆಯ ಸೂಕ್ಷ್ಮ ಹೊಂದಾಣಿಕೆಗೆ ತಂತಿಯ ಕೆಳತುದಿಯಲ್ಲಿರುವ ಪುಟ್ಟ ಮಣಿಯನ್ನು ಸರಿಸುತ್ತಾರೆ. ಅಲ್ಲಿ ಬದಲಾಗುವುದು ತಂತಿಯ ಬಿಗಿತ, ಇಲ್ಲಿ ಬದಲಾಗುವುದು ಭಾರದ ಸ್ಥಾನ. ಆದರೆ ಉದ್ದೇಶ ಒಂದೇ: ಕಂಪನವನ್ನು ನಮಗೆ ಬೇಕಾದಂತೆ ಹೊಂದಿಸಿಕೊಳ್ಳುವುದು. ಮಣಿ ಸರಿಸಿದರೆ ಕೆಟ್ಟ ತಂಬೂರಿ ಒಳ್ಳೆಯದಾಗುವುದಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಉಕ್ಕಿನ ಬ್ಯಾರೆಲ್ ನಡುಗುತ್ತದೆಯೇ?

ನಡುಗುತ್ತದೆ. ಶಾಲೆಯಲ್ಲಿ ಸ್ಕೇಲ್‌ನ ಒಂದು ತುದಿಯನ್ನು ಡೆಸ್ಕ್ ಮೇಲೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಮೀಟಿದ್ದು ನೆನಪಿದೆಯೇ? ರೈಫಲ್ ಬ್ಯಾರೆಲ್ ಕೂಡ ಅದೇ ರೀತಿ ಹಿಂಬದಿಯಲ್ಲಿ ಮಾತ್ರ ಭದ್ರವಾಗಿ ಕೂತಿದ್ದು, ಮುಂಭಾಗ ಗಾಳಿಯಲ್ಲಿ ನಿಂತಿರುತ್ತದೆ. ಟ್ರಿಗರ್ ಒತ್ತಿದಾಗ ಫೈರಿಂಗ್ ಪಿನ್ ಬಡಿಯುತ್ತದೆ, ಮದ್ದು ಸುಟ್ಟು ಅನಿಲದ ಒತ್ತಡ ಏರುತ್ತದೆ, ರೈಫಲ್ ಹಿಂದಕ್ಕೆ ಒದೆಯುತ್ತದೆ. ಇದೆಲ್ಲದರಿಂದ ಬ್ಯಾರೆಲ್ ಬಳುಕುತ್ತದೆ.

ಸ್ಕೇಲ್‌ನ ತುದಿಗೆ ಒಂದು ರಬ್ಬರ್ ಅಂಟಿಸಿ ಮೀಟಿದರೆ ಅದು ನಿಧಾನವಾಗಿ ಕಂಪಿಸುತ್ತದೆ. ರಬ್ಬರನ್ನು ಡೆಸ್ಕ್‌ನ ಕಡೆಗೆ ಸರಿಸಿದರೆ ವೇಗವಾಗಿ ಕಂಪಿಸುತ್ತದೆ. ಟ್ಯೂನರ್‌ನ ಮೂಲತತ್ವ ಇಷ್ಟೇ. ತುದಿಯಲ್ಲಿ ಭಾರ ಹೆಚ್ಚಾದಷ್ಟೂ, ಅದು ಮುಂದಕ್ಕೆ ಹೋದಷ್ಟೂ ಬ್ಯಾರೆಲ್‌ನ ಲಯ ನಿಧಾನವಾಗುತ್ತದೆ.

.22 ರೈಫಲ್‌ನಲ್ಲಿ ಗುಂಡು ಬ್ಯಾರೆಲ್ ಒಳಗೆ ಇರುವುದು ಸುಮಾರು 2ರಿಂದ 3 ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲೇ ಬ್ಯಾರೆಲ್‌ನ ಬಾಯಿ ಮೇಲೆ-ಕೆಳಗೆ ಚಲಿಸಲು ಶುರು ಮಾಡಿರುತ್ತದೆ. ಗುಂಡು ಹೊರಬೀಳುವ ಕ್ಷಣದಲ್ಲಿ ಬಾಯಿ ಎತ್ತ ನೋಡುತ್ತಿತ್ತು, ಎತ್ತ ಚಲಿಸುತ್ತಿತ್ತು ಎಂಬುದರ ಮೇಲೆ ಗುಂಡು ಎಲ್ಲಿ ಬೀಳುತ್ತದೆ ಎಂಬುದು ನಿಂತಿದೆ.

ಎಷ್ಟು ಸೂಕ್ಷ್ಮ ಎಂದರೆ, 650 ಮಿ.ಮೀ. ಉದ್ದದ ಬ್ಯಾರೆಲ್‌ನ ತುದಿ ನೂರನೇ ಒಂದು ಮಿಲಿಮೀಟರ್‌ನಷ್ಟು ಓರೆಯಾದರೂ 50 ಮೀಟರ್ ದೂರದಲ್ಲಿ ಗುಂಡು ಸುಮಾರು 0.8 ಮಿ.ಮೀ. ಸರಿದುಹೋಗುತ್ತದೆ.

0.8 ಮಿಲಿಮೀಟರ್‌ಗೆ ಬೆಲೆ ಎಷ್ಟು?

ಅಂತಾರಾಷ್ಟ್ರೀಯ ಶೂಟಿಂಗ್ ಸಂಸ್ಥೆ ಐಎಸ್‌ಎಸ್‌ಎಫ್‌ನ 50 ಮೀಟರ್ ಟಾರ್ಗೆಟ್‌ನಲ್ಲಿ 10 ಅಂಕದ ವೃತ್ತದ ವ್ಯಾಸ 10.4 ಮಿ.ಮೀ. ಅಂದರೆ ಒಂದು ಅಂಗಿಯ ಗುಂಡಿಯಷ್ಟು. ಪ್ರತಿ ಅಂಕಕ್ಕೆ ವೃತ್ತದ ತ್ರಿಜ್ಯ 8 ಮಿ.ಮೀ. ಹೆಚ್ಚುತ್ತದೆ. ದಶಮಾಂಶದಲ್ಲಿ ಅಂಕ ಎಣಿಸುವಾಗ 0.1 ಅಂಕಕ್ಕೆ 0.8 ಮಿ.ಮೀ. ಒಂದು ಗುಂಡಿಗೆ ಸಿಗಬಹುದಾದ ಗರಿಷ್ಠ ಅಂಕ 10.9.

ಈಗ ಗುಂಡಿನ ಕಡೆಗೆ ಬರೋಣ. ಸ್ಪರ್ಧೆಗೆ ಬಳಸುವ .22 ಲಾಂಗ್ ರೈಫಲ್ ಗುಂಡಿನ ತೂಕ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಬ್ಯಾರೆಲ್ ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 325 ಮೀಟರ್, ಶಬ್ದದ ವೇಗಕ್ಕಿಂತ ತುಸು ಕಡಿಮೆ. 50 ಮೀಟರ್ ತಲುಪಲು ಅದಕ್ಕೆ ಸುಮಾರು 0.16 ಸೆಕೆಂಡ್ ಬೇಕು. ಅಷ್ಟರಲ್ಲಿ ಗುರುತ್ವಾಕರ್ಷಣೆ ಅದನ್ನು ಸುಮಾರು 12 ಸೆಂಟಿಮೀಟರ್ ಕೆಳಕ್ಕೆ ಎಳೆದಿರುತ್ತದೆ. ಸೈಟ್ ಹೊಂದಿಸುವಾಗ ಶೂಟರ್ ಈ ಕುಸಿತವನ್ನು ಸರಿದೂಗಿಸಿರುತ್ತಾರೆ.

ಸಮಸ್ಯೆ ಇರುವುದು ಎಲ್ಲ ಗುಂಡುಗಳ ವೇಗ ಒಂದೇ ಆಗಿರುವುದಿಲ್ಲ ಎಂಬಲ್ಲಿ. ವೇಗ ಸೆಕೆಂಡಿಗೆ 1 ಮೀಟರ್ ಕಡಿಮೆಯಾದರೆ ಗುಂಡು ಸುಮಾರು ಮುಕ್ಕಾಲು ಮಿಲಿಮೀಟರ್ ಕೆಳಗೆ ಬೀಳುತ್ತದೆ. ಅಂದರೆ ಹತ್ತಿರ ಹತ್ತಿರ 0.1 ಅಂಕದ ದೂರ. ಪೆಟ್ಟಿಗೆಯಲ್ಲಿರುವ ಅತಿ ವೇಗದ ಗುಂಡಿಗೂ ಅತಿ ನಿಧಾನದ ಗುಂಡಿಗೂ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಿದ್ದರೆ, ಕೈ ಒಂದಿಷ್ಟೂ ಅಲುಗದಿದ್ದರೂ ಗುರಿಯಲ್ಲಿ ಮೇಲೆ-ಕೆಳಗೆ ಏಳೂವರೆ ಮಿಲಿಮೀಟರ್ ಹರಡಿಕೆ.

ಶೂಟರ್ ತಪ್ಪು ಮಾಡಿಲ್ಲ, ಗಾಳಿ ಬೀಸಿಲ್ಲ. ಆದರೂ ಅಂಕ ಹೋಯಿತು. ಟ್ಯೂನರ್ ಗುರಿಯಿಟ್ಟಿರುವುದು ಇದೇ ನಷ್ಟದ ಮೇಲೆ.

'ಪಾಸಿಟಿವ್ ಕಾಂಪೆನ್ಸೇಶನ್': ನಿಧಾನದ ಗುಂಡಿಗೆ ಸ್ವಲ್ಪ ಎತ್ತರದ ದಾರಿ

ನಿಧಾನವಾಗಿ ಹೋಗುವ ಗುಂಡು ಬ್ಯಾರೆಲ್ ಒಳಗೆ ಕೂಡ ಸ್ವಲ್ಪ ಹೆಚ್ಚು ಹೊತ್ತು ಇರುತ್ತದೆ. ವ್ಯತ್ಯಾಸ ಕೆಲವೇ ಮೈಕ್ರೋಸೆಕೆಂಡ್. ಆದರೆ ಬ್ಯಾರೆಲ್‌ನ ಬಾಯಿ ಆ ಕ್ಷಣದಲ್ಲಿ ಮೇಲ್ಮುಖವಾಗಿ ಏಳುತ್ತಿದ್ದರೆ ಏನಾಗುತ್ತದೆ? ವೇಗದ ಗುಂಡು ಮೊದಲೇ, ಬಾಯಿ ಇನ್ನೂ ಕೆಳಗಿರುವಾಗ ಹೊರಬೀಳುತ್ತದೆ. ನಿಧಾನದ ಗುಂಡು ತುಸು ತಡವಾಗಿ, ಬಾಯಿ ಸ್ವಲ್ಪ ಮೇಲೆದ್ದ ಮೇಲೆ ಹೊರಬೀಳುತ್ತದೆ.

ಹೆಚ್ಚು ಕುಸಿಯಲಿರುವ ಗುಂಡಿಗೆ ಹೆಚ್ಚು ಎತ್ತರದ ಆರಂಭ, ಕಡಿಮೆ ಕುಸಿಯಲಿರುವ ಗುಂಡಿಗೆ ಕಡಿಮೆ ಎತ್ತರದ ಆರಂಭ. ಎರಡೂ ಲೆಕ್ಕ ಸರಿಹೊಂದಿದರೆ ಟಾರ್ಗೆಟ್ ತಲುಪುವಾಗ ಎರಡೂ ಒಂದೇ ಎತ್ತರದಲ್ಲಿರುತ್ತವೆ. ಇದನ್ನೇ ಪಾಸಿಟಿವ್ ಕಾಂಪೆನ್ಸೇಶನ್ ಎನ್ನುತ್ತಾರೆ. ಬಾಯಿ ಕೆಳಮುಖವಾಗಿ ಚಲಿಸುತ್ತಿದ್ದರೆ ಫಲಿತಾಂಶ ಇದಕ್ಕೆ ವಿರುದ್ಧ, ಹರಡಿಕೆ ಇನ್ನೂ ಹೆಚ್ಚುತ್ತದೆ.

ಟ್ಯೂನರ್‌ನ ಕೆಲಸ ಬ್ಯಾರೆಲ್‌ನ ಲಯವನ್ನು ಬದಲಿಸಿ, ಗುಂಡು ಹೊರಬೀಳುವ ಕ್ಷಣ ಈ ಮೇಲ್ಮುಖ ಚಲನೆಯ ಮೇಲೆ ಬೀಳುವಂತೆ ಮಾಡುವುದು.

ಈ ವಿವರಣೆಯಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಒಂದು, ಟ್ಯೂನರ್ ಸರಿಪಡಿಸಬಹುದಾದದ್ದು ಮುಖ್ಯವಾಗಿ ಮೇಲೆ-ಕೆಳಗಿನ ಹರಡಿಕೆಯನ್ನು. ಗಾಳಿಯಿಂದ ಆಗುವ ಎಡ-ಬಲದ ಸರಿತಕ್ಕೆ ಅದರಲ್ಲಿ ಮದ್ದಿಲ್ಲ. ಎರಡು, ಒಂದು ದೂರಕ್ಕೆ ಹೊಂದಿಸಿದ್ದು ಇನ್ನೊಂದು ದೂರಕ್ಕೆ ಹೊಂದುವುದಿಲ್ಲ. 100 ಮೀಟರ್‌ನಲ್ಲಿ ಗುಂಡಿನ ಕುಸಿತ 50 ಮೀಟರ್‌ನ ಎರಡು ಪಟ್ಟಲ್ಲ, ನಾಲ್ಕು ಪಟ್ಟಿಗೂ ಹೆಚ್ಚು.

ಇತಿಹಾಸ: .303ರಿಂದ ಬೆಂಚ್‌ರೆಸ್ಟ್‌ವರೆಗೆ

ಬ್ಯಾರೆಲ್ ಕಂಪನದ ಅಧ್ಯಯನ ಹೊಸದಲ್ಲ. ಜರ್ಮನಿಯಲ್ಲಿ ಕಾರ್ಲ್ ಕ್ರಾನ್ಜ್ ಮತ್ತು ಕೆ.ಆರ್. ಕೋಖ್ 1900ರ ಆಸುಪಾಸಿನಲ್ಲೇ ಫೋಟೊಗ್ರಫಿಯ ನೆರವಿನಿಂದ ಇದನ್ನು ದಾಖಲಿಸಿದ್ದರು. ಬ್ರಿಟನ್ನಿನ ಆರ್ನಲ್ಫ್ ಮ್ಯಾಲಕ್ 1901ರಲ್ಲಿ ರೈಫಲ್ ಬ್ಯಾರೆಲ್‌ಗಳ ಕಂಪನದ ಬಗ್ಗೆ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಪ್ರಕಟಿಸಿದರು.

ಕಾಂಪೆನ್ಸೇಶನ್‌ನ ಹಳೆಯ ಹಾಗೂ ಪ್ರಸಿದ್ಧ ಉದಾಹರಣೆ ಲೀ-ಎನ್‌ಫೀಲ್ಡ್ .303 ರೈಫಲ್. ಪಶ್ಚಿಮ ಬಂಗಾಳದ ಇಛಾಪುರ ಕಾರ್ಖಾನೆಯಲ್ಲೂ ತಯಾರಾದ, ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ ಅದೇ ಬಂದೂಕು. ಹತ್ತಿರದ ದೂರದಲ್ಲಿ ಇದಕ್ಕಿಂತ ನಿಖರವಾದ ರೈಫಲ್‌ಗಳಿದ್ದರೂ, 600 ಗಜ ದಾಟಿದ ಮೇಲೆ ಲೀ-ಎನ್‌ಫೀಲ್ಡ್ ಅಚ್ಚರಿ ಹುಟ್ಟಿಸುವಷ್ಟು ಚೆನ್ನಾಗಿ ಹೊಡೆಯುತ್ತದೆ ಎಂಬುದನ್ನು ಬ್ರಿಟಿಷ್ ಶೂಟರ್‌ಗಳು ಗಮನಿಸಿದ್ದರು. ಅದರ ಬೋಲ್ಟ್ ಹಿಂಬದಿಯಲ್ಲಿ ಲಾಕ್ ಆಗುವುದರಿಂದ ರೈಫಲ್ ಬಳುಕುವ ರೀತಿಯೇ ಬೇರೆ. ಆ ಬಳುಕು ದೂರದ ಗುರಿಗೆ ತಾನಾಗಿಯೇ ಕಾಂಪೆನ್ಸೇಶನ್ ಒದಗಿಸುತ್ತಿತ್ತು ಎಂಬುದು ಅದಕ್ಕೆ ಕೊಡಲಾದ ವಿವರಣೆ.

ತಿರುಗಿಸಿ ಹೊಂದಿಸಬಹುದಾದ ಟ್ಯೂನರ್ ಸಾಮಾನ್ಯ ಬೇಟೆಗಾರರ ಕೈಗೂ ಬಂದದ್ದು 1990ರ ದಶಕದಲ್ಲಿ. ಅಮೆರಿಕದ ಬ್ರೌನಿಂಗ್ ಕಂಪನಿ ತನ್ನ ರೈಫಲ್‌ಗಳಲ್ಲಿ 'ಬಾಸ್' ಎಂಬ ಸಾಧನವನ್ನು ತಂದಿತು. ಪೂರ್ಣ ಹೆಸರು ಬ್ಯಾಲಿಸ್ಟಿಕ್ ಆಪ್ಟಿಮೈಸಿಂಗ್ ಶೂಟಿಂಗ್ ಸಿಸ್ಟಮ್. ಕ್ಲೈಡ್ ರೋಸ್ ಇದರ ಸಂಶೋಧಕ. ವಿಂಚೆಸ್ಟರ್ ರೈಫಲ್‌ಗಳಲ್ಲೂ ಇದು ಬಂತು. ಯಾವ ಗುಂಡಿಗೆ ಯಾವ ಅಂಕಿ ಎಂಬ ಪಟ್ಟಿಯನ್ನು ಕಂಪನಿಯೇ ಕೊಡುತ್ತಿತ್ತು. ಮೊದಲ ಮಾದರಿಯಲ್ಲಿ ಒದೆತ ಕಡಿಮೆ ಮಾಡುವ ರಂಧ್ರಗಳೂ ಇದ್ದವು. ಅದರಿಂದ ಶಬ್ದ ವಿಪರೀತವಾಗುತ್ತಿದೆ ಎಂಬ ದೂರು ಬಂದಾಗ ರಂಧ್ರಗಳಿಲ್ಲದ 'ಬಾಸ್-ಸಿಆರ್' ಮಾದರಿ ಬಂತು.

ಆದರೆ ಟ್ಯೂನರ್‌ಗೆ ನಿಜವಾದ ನೆಲೆ ಸಿಕ್ಕಿದ್ದು .22 ಬೆಂಚ್‌ರೆಸ್ಟ್ ಸ್ಪರ್ಧೆಗಳಲ್ಲಿ. ಇಲ್ಲಿ ರೈಫಲನ್ನು ಮೇಜಿನ ಮೇಲಿನ ಸ್ಟ್ಯಾಂಡ್‌ಗೆ ಆನಿಸಿ ಹೊಡೆಯುತ್ತಾರೆ, ಹೀಗಾಗಿ ದೇಹದ ಅಲುಗಾಟ ಬಹಳ ಕಡಿಮೆ. ಉಳಿಯುವುದು ರೈಫಲ್, ಗುಂಡು ಮತ್ತು ಗಾಳಿ. ದೊಡ್ಡ ಕ್ಯಾಲಿಬರ್‌ನ ಶೂಟರ್‌ಗಳು ಮದ್ದಿನ ಪ್ರಮಾಣವನ್ನು ತಾವೇ ಬದಲಿಸಿ ಗುಂಡನ್ನು ಬ್ಯಾರೆಲ್‌ಗೆ ಹೊಂದಿಸಿಕೊಳ್ಳಬಹುದು. .22 ರಿಮ್‌ಫೈರ್ ಗುಂಡನ್ನು ಹಾಗೆ ತುಂಬಲಾಗದು, ಕಾರ್ಖಾನೆ ಕೊಟ್ಟದ್ದೇ ಗತಿ. ಗುಂಡನ್ನು ಬದಲಿಸಲಾಗದಿದ್ದರೆ ಬ್ಯಾರೆಲನ್ನೇ ಗುಂಡಿಗೆ ಹೊಂದಿಸೋಣ ಎಂಬ ಯೋಚನೆಯಿಂದ ಟ್ಯೂನರ್ ಇಲ್ಲಿ ಜನಪ್ರಿಯವಾಯಿತು.

ಟ್ಯೂನರ್, ಮಜಲ್ ಬ್ರೇಕ್, ಬ್ಯಾರೆಲ್ ವೇಟ್: ಗೊಂದಲ ಬೇಡ

ಬ್ಯಾರೆಲ್ ತುದಿಯಲ್ಲಿ ಕಾಣುವುದೆಲ್ಲ ಟ್ಯೂನರ್ ಅಲ್ಲ.

- ಮಜಲ್ ಬ್ರೇಕ್: ರಂಧ್ರಗಳ ಮೂಲಕ ಅನಿಲವನ್ನು ಪಕ್ಕಕ್ಕೆ ತಳ್ಳಿ ಒದೆತ ಕಡಿಮೆ ಮಾಡುತ್ತದೆ. ಐಎಸ್‌ಎಸ್‌ಎಫ್ ರೈಫಲ್ ಸ್ಪರ್ಧೆಗಳಲ್ಲಿ ಇದಕ್ಕೆ ನಿಷೇಧವಿದೆ.
- ಸಪ್ರೆಸರ್: ಶಬ್ದ ತಗ್ಗಿಸುವ ಸಾಧನ. ಇದರ ಉದ್ದೇಶವೇ ಬೇರೆ.
- ಬ್ಯಾರೆಲ್ ವೇಟ್: ರೈಫಲ್‌ನ ಸಮತೋಲನಕ್ಕಾಗಿ ಹಾಕುವ ಭಾರ. ನಿಂತು ಹೊಡೆಯುವಾಗ ಮುಂಭಾಗ ಭಾರವಿದ್ದರೆ ಅಲುಗಾಟ ಕಡಿಮೆ. ಇದರಿಂದಲೂ ಕಂಪನದ ಲಯ ಬದಲಾಗುತ್ತದೆ, ಆದರೆ ಸೂಕ್ಷ್ಮ ಹೊಂದಾಣಿಕೆ ಇರುವುದಿಲ್ಲ.
- ಎಕ್ಸ್‌ಟೆನ್ಷನ್ ಟ್ಯೂಬ್: ಹಿಂದಿನ ಮತ್ತು ಮುಂದಿನ ಸೈಟ್ ನಡುವಿನ ದೂರ ಹೆಚ್ಚಿಸುವ ಕೊಳವೆ.
- ರಬ್ಬರ್ ಡ್ಯಾಂಪರ್: ಬ್ಯಾರೆಲ್ ಮೇಲೆ ಜಾರಿಸುವ ರಬ್ಬರ್ ಬಳೆ. ಕಂಪನವನ್ನು ಹೀರಿಕೊಳ್ಳುವುದು ಇದರ ಉದ್ದೇಶ. ಅಗ್ಗದ ಆಯ್ಕೆ.

ಇನ್ನು ಕೆಲವು ಸಾಧನಗಳಲ್ಲಿ ಟ್ಯೂನರ್ ಮತ್ತು ಎಕ್ಸ್‌ಟೆನ್ಷನ್ ಟ್ಯೂಬ್ ಒಂದಾಗಿಯೇ ಇರುತ್ತವೆ. ಒಲಿಂಪಿಕ್ ಮಾದರಿಯ 50 ಮೀಟರ್ ರೈಫಲ್‌ಗಳಲ್ಲಿ ಇಂಥವು ಹೆಚ್ಚು.

ಹಾಗಾದರೆ ಇದು ಕೆಲಸ ಮಾಡುತ್ತದೆಯೇ?

ಇಲ್ಲಿಂದ ಶುರುವಾಗುತ್ತದೆ ಭಿನ್ನಾಭಿಪ್ರಾಯ.

ಭಾರ ಸರಿಸಿದರೆ ಬ್ಯಾರೆಲ್‌ನ ಲಯ ಬದಲಾಗುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಅದು ಭೌತಶಾಸ್ತ್ರ. ಸ್ಕಾಟ್ಲೆಂಡ್‌ನ ಬ್ಯಾರೆಲ್ ತಯಾರಕ ಜೆಫ್ರಿ ಕೋಲ್ಬೆ .22 ಬ್ಯಾರೆಲ್‌ಗಳ ಕಂಪನ ಅಳೆದು, ಕಾಂಪೆನ್ಸೇಶನ್ ಸಾಧ್ಯ ಎಂಬ ವಾದಕ್ಕೆ ಬಲ ಕೊಟ್ಟಿದ್ದಾರೆ. ಬೆಂಚ್‌ರೆಸ್ಟ್‌ನಲ್ಲಿ ಅಗ್ರಸ್ಥಾನಕ್ಕೆ ಸ್ಪರ್ಧಿಸುವವರ ರೈಫಲ್‌ಗಳಲ್ಲಿ ಟ್ಯೂನರ್ ಸಾಮಾನ್ಯ ದೃಶ್ಯ.

ಪ್ರಶ್ನೆ ಇರುವುದು ಪರಿಣಾಮದ ಪ್ರಮಾಣದ ಬಗ್ಗೆ. ಟ್ಯೂನರ್ ಮಾರುವವರು ತೋರಿಸುವ ಟಾರ್ಗೆಟ್‌ಗಳಲ್ಲಿ ಒಂದು ಅಂಕಿಯಲ್ಲಿ ಗುಂಡುಗಳು ಚೆಲ್ಲಾಪಿಲ್ಲಿ, ಎರಡು ಗೆರೆ ತಿರುಗಿಸಿದರೆ ಒಂದೇ ರಂಧ್ರ. ಅಮೆರಿಕದ ಬ್ಯಾಲಿಸ್ಟಿಕ್ಸ್ ತಜ್ಞ ಬ್ರಯಾನ್ ಲಿಟ್ಜ್ ಅವರ ತಂಡ ದೊಡ್ಡ ಕ್ಯಾಲಿಬರ್ ರೈಫಲ್‌ಗಳಲ್ಲಿ ಹೆಚ್ಚು ಗುಂಡು ಹಾರಿಸಿ ಪರೀಕ್ಷಿಸಿದಾಗ ಇಂಥ ನಾಟಕೀಯ, ಮತ್ತೆ ಮತ್ತೆ ಮರುಕಳಿಸುವ ವ್ಯತ್ಯಾಸ ಕಾಣಲಿಲ್ಲ. ಇದನ್ನು ಟ್ಯೂನರ್ ಬೆಂಬಲಿಗರು ಒಪ್ಪುವುದಿಲ್ಲ. ಅದರಲ್ಲೂ .22 ರಿಮ್‌ಫೈರ್‌ನ ಕಥೆಯೇ ಬೇರೆ ಎನ್ನುತ್ತಾರೆ. ಗುಂಡು ನಿಧಾನ, ಬ್ಯಾರೆಲ್‌ನಲ್ಲಿ ಇರುವ ಸಮಯ ಹೆಚ್ಚು, ವೇಗದ ಏರುಪೇರಿನಿಂದ ಆಗುವ ಕುಸಿತವೂ ಹೆಚ್ಚು. ಹಾಗಾಗಿ ಕಾಂಪೆನ್ಸೇಶನ್‌ಗೆ ಅವಕಾಶವೂ ಹೆಚ್ಚು ಎಂಬುದು ಅವರ ವಾದ. ಇದರಲ್ಲಿ ಹುರುಳಿದೆ.

ಎರಡೂ ಕಡೆಯವರು ಪ್ರಾಮಾಣಿಕರಾಗಿದ್ದೂ ಇಷ್ಟು ಭಿನ್ನ ತೀರ್ಮಾನಕ್ಕೆ ಬರಲು ಮುಖ್ಯ ಕಾರಣ ಒಂದೇ: ಎಣಿಕೆ.

ಐದು ಗುಂಡಿನ ಬಲೆ

ಚೌಕಾಬಾರ ಆಡುವಾಗ ಒಂದು ಮೂಲೆಯಲ್ಲಿ ಕೂತವರಿಗೆ ಎರಡು ಬಾರಿ ಎಂಟು ಬಿದ್ದರೆ, ಮೂರನೇ ಆಟಕ್ಕೆ ಆ ಮೂಲೆಗೇ ಪೈಪೋಟಿ. ಕವಡೆಗೆ ಮೂಲೆ ಗೊತ್ತಿಲ್ಲ. ಆದರೂ ನಮ್ಮ ಮನಸ್ಸು ಒಂದು ಕಾರಣ ಹುಡುಕುತ್ತದೆ. ಟ್ಯೂನರ್ ಪರೀಕ್ಷೆಯಲ್ಲಿ ಆಗುವುದೂ ಇದೇ.

ಏನನ್ನೂ ಬದಲಿಸದೆ, ಒಂದೇ ರೈಫಲ್, ಒಂದೇ ಪೆಟ್ಟಿಗೆಯ ಗುಂಡುಗಳಿಂದ ಐದೈದು ಗುಂಡಿನ ಇಪ್ಪತ್ತು ಗ್ರೂಪ್ ಹೊಡೆದು ನೋಡಿ. ಅತಿ ದೊಡ್ಡ ಗ್ರೂಪ್ ಅತಿ ಚಿಕ್ಕದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಅಗಲವಿರುವುದು ಸಹಜ. ಇದು ಶುದ್ಧ ಆಕಸ್ಮಿಕ. ಈಗ ಪ್ರತಿ ಗ್ರೂಪ್‌ಗೂ ಮುನ್ನ ಟ್ಯೂನರನ್ನು ಒಂದೊಂದು ಅಂಕಿ ತಿರುಗಿಸಿದ್ದೀರಿ ಎಂದುಕೊಳ್ಳಿ. ಅತಿ ಚಿಕ್ಕ ಗ್ರೂಪ್ ಬಿದ್ದ ಅಂಕಿಯೇ 'ಸರಿಯಾದ ಜಾಗ' ಎಂದು ನೀವು ನಂಬುವುದು ಖಚಿತ. ಟ್ಯೂನರ್ ಏನೂ ಮಾಡದಿದ್ದರೂ ಹಾಗೆ ಅನ್ನಿಸುತ್ತದೆ.

ಮೂರು ಗುಂಡಿನ ಗ್ರೂಪ್‌ಗಳಲ್ಲಂತೂ ಈ ಮೋಸ ಇನ್ನೂ ಹೆಚ್ಚು. ಅದೇ ಅಂಕಿಯಲ್ಲಿ ಇನ್ನೊಂದು ದಿನ, ಇನ್ನೂ ಹತ್ತಾರು ಗುಂಡು ಹಾರಿಸಿದಾಗಲೂ ಫಲಿತಾಂಶ ಉಳಿದುಕೊಂಡರೆ ಮಾತ್ರ ಅದು ಟ್ಯೂನರ್‌ನ ಕೆಲಸ. ಇಲ್ಲವಾದರೆ ಅದು ಆ ದಿನದ ಅದೃಷ್ಟ.

ಇದು ಬರೀ ಲೆಕ್ಕದ ಮಾತಲ್ಲ. ತಪ್ಪು ತೀರ್ಮಾನಕ್ಕೆ ಬಂದ ಶೂಟರ್ ಸ್ಪರ್ಧೆಯಲ್ಲಿ ಒಂದು ಕೆಟ್ಟ ಗುಂಡು ಬಿದ್ದ ಕೂಡಲೇ ಟ್ಯೂನರ್ ಮೇಲೆ ಅನುಮಾನ ಪಡುತ್ತಾರೆ. ಮುಂದಿನ ವಾರ ಮತ್ತೆ ತಿರುಗಿಸುತ್ತಾರೆ. ಅಭ್ಯಾಸಕ್ಕೆಂದು ಇಟ್ಟ ಗುಂಡುಗಳು ಹುಡುಕಾಟಕ್ಕೆ ಖಾಲಿಯಾಗುತ್ತವೆ. ತರಬೇತಿಯಿಂದ ಸರಿಯಾಗಬೇಕಾದ ಉಸಿರು, ಟ್ರಿಗರ್, ಗಾಳಿಯ ಅಂದಾಜು ಹಾಗೆಯೇ ಉಳಿಯುತ್ತವೆ.

ಸರಿಯಾದ ಪರೀಕ್ಷೆ ಹೇಗೆ?

ಟ್ಯೂನರ್ ಈಗಾಗಲೇ ಇದ್ದರೆ, ಅಥವಾ ಕ್ಲಬ್‌ನಲ್ಲಿ ಎರವಲು ಸಿಕ್ಕರೆ, ಕೋಚ್ ಸಮ್ಮುಖದಲ್ಲಿ ಈ ಕ್ರಮ ಅನುಸರಿಸಬಹುದು.

1. ಮೊದಲು ಟ್ಯೂನರ್ ಇಲ್ಲದೆ ದಾಖಲೆ ಮಾಡಿ. ರೈಫಲನ್ನು ಬೆಂಚ್ ಮೇಲೆ ಆನಿಸಿ, ಒಂದೇ ಬ್ಯಾಚ್‌ನ ಕನಿಷ್ಠ 40-50 ಗುಂಡು ಹಾರಿಸಿ ಎಲ್ಲವನ್ನೂ ಬರೆದಿಡಿ. ಹೋಲಿಕೆಗೆ ಇದೇ ಆಧಾರ.
2. ಗಾಳಿಯಿಲ್ಲದ ಹೊತ್ತು ಆರಿಸಿಕೊಳ್ಳಿ. ಮುಂಜಾನೆ ಅಥವಾ ಒಳಾಂಗಣ ರೇಂಜ್ ಉತ್ತಮ. 50 ಮೀಟರ್‌ನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದ ಅಡ್ಡಗಾಳಿ ಗುಂಡನ್ನು ಸುಮಾರು 5 ಮಿ.ಮೀ. ಪಕ್ಕಕ್ಕೆ ತಳ್ಳುತ್ತದೆ.
3. ಮೇಲೆ-ಕೆಳಗಿನ ಹರಡಿಕೆಯನ್ನು ಮಾತ್ರ ಅಳೆಯಿರಿ. ಎಡ-ಬಲದ ಹರಡಿಕೆ ಗಾಳಿಯದ್ದಾಗಿರಬಹುದು.
4. ಆರಂಭದಲ್ಲಿ ದೊಡ್ಡ ಹೆಜ್ಜೆ ಇಡಿ. ಒಂದೊಂದೇ ಗೆರೆ ತಿರುಗಿಸುವ ಬದಲು ಅಂತರ ಬಿಟ್ಟು ಏಳೆಂಟು ಸ್ಥಾನಗಳಲ್ಲಿ ಹೊಡೆದು, ಹರಡಿಕೆ ಕ್ರಮವಾಗಿ ಕಡಿಮೆಯಾಗಿ ಮತ್ತೆ ಹೆಚ್ಚುತ್ತಿದೆಯೇ ನೋಡಿ. ನಿಜವಾದ ಪರಿಣಾಮ ಅಲೆಯಂತೆ ಏರಿಳಿಯಬೇಕು. ಒಂದೇ ಅಂಕಿಯಲ್ಲಿ ಮಾತ್ರ ಪವಾಡ ಕಂಡರೆ ಅನುಮಾನಿಸಿ.
5. ಚೆನ್ನಾಗಿ ಕಂಡ ಒಂದು ಸ್ಥಾನ ಮತ್ತು ಕೆಟ್ಟದಾಗಿ ಕಂಡ ಒಂದು ಸ್ಥಾನ ಆರಿಸಿ. ಬೇರೆ ದಿನ ಎರಡರಲ್ಲೂ 40-50 ಗುಂಡು ಹಾರಿಸಿ. ಯಾವುದು ಯಾವ ಸ್ಥಾನ ಎಂಬುದು ಶೂಟರ್‌ಗೆ ಗೊತ್ತಾಗದಂತೆ ಕೋಚ್ ತಿರುಗಿಸಿಕೊಟ್ಟರೆ ಇನ್ನೂ ಒಳ್ಳೆಯದು.
6. ವ್ಯತ್ಯಾಸ ಉಳಿದರೆ ಲಾಕ್ ಮಾಡಿ, ಅಂಕಿ ಬರೆದಿಡಿ. ಆಮೇಲೆ ಮುಟ್ಟಬೇಡಿ. ಗುಂಡಿನ ಬ್ಯಾಚ್ ಬದಲಾದಾಗ ಮಾತ್ರ ಮತ್ತೆ ಪರೀಕ್ಷಿಸಿ.

ಸುರಕ್ಷತೆಯ ಒಂದು ಮಾತು. ಟ್ಯೂನರ್ ತಿರುಗಿಸಲು ಕೈ ಬ್ಯಾರೆಲ್‌ನ ಬಾಯಿಯ ಬಳಿಗೇ ಹೋಗುತ್ತದೆ. ಪ್ರತಿ ಬಾರಿಯೂ ಬೋಲ್ಟ್ ತೆರೆದು, ಚೇಂಬರ್ ಖಾಲಿ ಇದೆಯೆಂದು ಕಣ್ಣಾರೆ ನೋಡಿ, ಸೇಫ್ಟಿ ಫ್ಲ್ಯಾಗ್ ಹಾಕಿದ ಮೇಲೆಯೇ ಮುಟ್ಟಬೇಕು. ಇದಕ್ಕೆ ವಿನಾಯಿತಿ ಇಲ್ಲ.

ನಿಯಮ ಏನು ಹೇಳುತ್ತದೆ?

50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ಬ್ಯಾರೆಲ್ ಮೇಲೆ ಭಾರ ಹಾಕಲು ಅವಕಾಶವಿದೆ. ಆದರೆ ಬ್ಯಾರೆಲ್ ಅಥವಾ ಎಕ್ಸ್‌ಟೆನ್ಷನ್ ಟ್ಯೂಬ್‌ಗೆ ಅನಿಲ ಹೊರಹೋಗುವ ರಂಧ್ರಗಳಿರಬಾರದು. ರೈಫಲ್‌ನ ಒಟ್ಟು ತೂಕಕ್ಕೆ ಮಿತಿ ಇದೆ, ಟ್ಯೂನರ್‌ನ ತೂಕವೂ ಅದರಲ್ಲಿ ಸೇರುತ್ತದೆ. ಸ್ಪರ್ಧೆಗೆ ಮುನ್ನ ನಡೆಯುವ ಸಲಕರಣೆ ತಪಾಸಣೆಯಲ್ಲಿ ಟ್ಯೂನರ್ ಸಮೇತ ರೈಫಲ್ ತೋರಿಸಬೇಕು. ಹೊಸದಾಗಿ ಕೊಳ್ಳುವ ಮುನ್ನ ಆ ವರ್ಷದ ನಿಯಮ ಪುಸ್ತಕವನ್ನು ಕೋಚ್ ಜೊತೆ ಕೂತು ಓದುವುದು ಒಳ್ಳೆಯದು.

ಭಾರತದಲ್ಲಿ .22 ರೈಫಲ್ 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಬ್ಯಾರೆಲ್‌ಗೆ ಮರೆ ಕೊರೆಸುವಂಥ ಕೆಲಸವನ್ನು ಬೀದಿಬದಿಯ ಲೇತ್ ಅಂಗಡಿಯಲ್ಲಿ ಮಾಡಿಸುವುದು ಕಾನೂನಿನ ದೃಷ್ಟಿಯಿಂದಲೂ ರೈಫಲ್‌ನ ದೃಷ್ಟಿಯಿಂದಲೂ ಅಪಾಯ.

ಖರ್ಚಿಗೆ ಮುನ್ನ: ಯಾವುದು ಮೊದಲು?

ಅನುಭವಿ ಶೂಟರ್‌ಗಳ ಕ್ರಮ ಹೀಗಿರುತ್ತದೆ. ಮೊದಲು ಶೂಟರ್‌ನ ಭಂಗಿ ಮತ್ತು ಸ್ಟಾಕ್ ಹೊಂದಾಣಿಕೆ. ನಂತರ ರೈಫಲ್‌ನ ಸ್ಕ್ರೂ, ಸೈಟ್ ಬಿಗಿಯಾಗಿವೆಯೇ ಎಂಬ ತಪಾಸಣೆ ಮತ್ತು ಬ್ಯಾರೆಲ್ ಶುಚಿತ್ವ. ಆಮೇಲೆ ಗುಂಡಿನ ಬ್ಯಾಚ್ ಆಯ್ಕೆ. ಟ್ಯೂನರ್ ಬರುವುದು ಕೊನೆಗೆ.

ಬ್ಯಾಚ್ ಆಯ್ಕೆಗೆ ಏಕಿಷ್ಟು ಮಹತ್ವ? ಒಂದೇ ಕಂಪನಿಯ, ಒಂದೇ ಹೆಸರಿನ, ಒಂದೇ ಬೆಲೆಯ ಗುಂಡು ಕೂಡ ಬ್ಯಾಚ್‌ನಿಂದ ಬ್ಯಾಚ್‌ಗೆ ಬೇರೆಯಾಗಿ ವರ್ತಿಸುತ್ತದೆ. ಒಂದು ರೈಫಲ್‌ಗೆ ಒಗ್ಗಿದ ಬ್ಯಾಚ್ ಪಕ್ಕದ ರೈಫಲ್‌ಗೆ ಒಗ್ಗದೇ ಇರಬಹುದು. ಹಾಗಾಗಿಯೇ ಅಂತಾರಾಷ್ಟ್ರೀಯ ಶೂಟರ್‌ಗಳು ತಮ್ಮ ರೈಫಲ್ ಹೊತ್ತು ಇಂಗ್ಲೆಂಡ್‌ನ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಈಲಿ ಕಾರ್ಖಾನೆಗೆ, ಜರ್ಮನಿಯ ಶೋನೆಬೆಕ್‌ನಲ್ಲಿರುವ ಲಾಪುವಾ ಪರೀಕ್ಷಾ ಕೇಂದ್ರಕ್ಕೆ ಹೋಗುತ್ತಾರೆ. ಅಲ್ಲಿ ಬ್ಯಾರೆಲನ್ನು ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು ಬೇರೆ ಬೇರೆ ಬ್ಯಾಚ್ ಹಾರಿಸಿ, ಹೊಂದಿದ ಬ್ಯಾಚನ್ನು ಸಾವಿರಗಟ್ಟಲೆ ಒಟ್ಟಿಗೆ ಖರೀದಿಸುತ್ತಾರೆ.

ಎಲ್ಲರಿಗೂ ಅಲ್ಲಿಗೆ ಹೋಗಲು ಆಗದು. ಆದರೆ ಕ್ಲಬ್‌ನಲ್ಲಿ ನಾಲ್ಕೈದು ಮಂದಿ ಸೇರಿ ಸಿಗುವ ಎರಡು-ಮೂರು ಬ್ಯಾಚ್‌ಗಳನ್ನು ತಮ್ಮ ರೈಫಲ್‌ಗಳಲ್ಲಿ ಪರೀಕ್ಷಿಸಿ, ಯಾರಿಗೆ ಯಾವುದು ಒಗ್ಗುತ್ತದೋ ಅದನ್ನು ಹಂಚಿಕೊಳ್ಳಬಹುದು. ವೇಗದ ಏರುಪೇರು ಕಡಿಮೆ ಇರುವ ಬ್ಯಾಚ್ ಸಿಕ್ಕರೆ ಟ್ಯೂನರ್ ಮಾಡಬೇಕಾದ ಕೆಲಸದ ಬಹುಪಾಲು ಅಲ್ಲೇ ಮುಗಿದಿರುತ್ತದೆ.

ಪದೇ ಪದೇ ಕೇಳುವ ಪ್ರಶ್ನೆಗಳು

*10 ಮೀಟರ್ ಏರ್ ರೈಫಲ್‌ಗೆ ಟ್ಯೂನರ್ ಬೇಕೇ?*
ಅಗತ್ಯ ತೀರಾ ಕಡಿಮೆ. ಏರ್ ರೈಫಲ್‌ನಲ್ಲಿ ಮದ್ದಿನ ಸ್ಫೋಟವಿಲ್ಲ. ಆಧುನಿಕ ರೈಫಲ್‌ನ ರೆಗ್ಯುಲೇಟರ್ ಪ್ರತಿ ಬಾರಿಯೂ ಬಹುತೇಕ ಒಂದೇ ಒತ್ತಡದ ಗಾಳಿ ಕೊಡುತ್ತದೆ. ಇಲ್ಲಿ ಪೆಲೆಟ್‌ನ ಬ್ಯಾಚ್ ಪರೀಕ್ಷೆಗೇ ಗಮನ ಕೊಡಿ.

*ಟ್ಯೂನರ್ ಹಾಕಿದರೆ ಸೈಟ್ ಮತ್ತೆ ಹೊಂದಿಸಬೇಕೇ?*
ಹೌದು. ತುದಿಯಲ್ಲಿ ಭಾರ ಬಂದಾಗ ಗುಂಡು ಬೀಳುವ ಜಾಗ ಬದಲಾಗುತ್ತದೆ. ರೈಫಲ್‌ನ ಸಮತೋಲನವೂ ಬದಲಾಗುವುದರಿಂದ ನಿಂತು ಹೊಡೆಯುವ ಭಂಗಿಗೆ ಕೆಲ ದಿನ ಒಗ್ಗಿಕೊಳ್ಳಬೇಕು.

*ದೆಹಲಿಯ ಚಳಿಯಲ್ಲಿ ಹೊಂದಿಸಿದ್ದು ಚೆನ್ನೈ ಸೆಖೆಯಲ್ಲಿ ನಡೆಯುತ್ತದೆಯೇ?*
ಉಷ್ಣಾಂಶ ಬದಲಾದರೆ ಮದ್ದು ಉರಿಯುವ ರೀತಿ, ಗುಂಡಿನ ವೇಗ ಎರಡೂ ಬದಲಾಗುತ್ತವೆ. ಹೊಸ ಊರಿನಲ್ಲಿ ಅಭ್ಯಾಸದ ದಿನವೇ ಪರಿಶೀಲಿಸಿ. ಸ್ಪರ್ಧೆಯ ನಡುವೆ ತಿರುಗಿಸಬೇಡಿ.

*ಬಿಗಿಯಾಗಿ ಕಟ್ಟಿದಷ್ಟೂ ಒಳ್ಳೆಯದೇ?*
ಅಲ್ಲ. ಸಡಿಲವಿದ್ದರೆ ಪ್ರತಿ ಗುಂಡಿಗೂ ಅದು ಅಲುಗಿ ಫಲಿತಾಂಶ ಕೆಡುತ್ತದೆ. ಅತಿಯಾಗಿ ಬಿಗಿದರೆ ಬ್ಯಾರೆಲ್‌ನ ಬಾಯಿಯ ಮೇಲೆಯೇ ಒತ್ತಡ ಬೀಳುತ್ತದೆ. ತಯಾರಕರು ಹೇಳಿದಷ್ಟೇ ಬಿಗಿಯಿರಿ.

*ಹೊಸದಾಗಿ .22 ಶುರು ಮಾಡಿದವರಿಗೆ?*
ಸದ್ಯಕ್ಕೆ ಬೇಡ. ಬೆಂಚ್ ಮೇಲೆ ಆನಿಸಿದಾಗ ರೈಫಲ್ ಮಾಡುವ ಹರಡಿಕೆ ಒಂದು, ನಿಮ್ಮ ಕೈಯಲ್ಲಿ ಮಾಡುವ ಹರಡಿಕೆ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಬಹಳ ದೊಡ್ಡದಿರುವವರೆಗೂ ಟ್ಯೂನರ್‌ನಿಂದ ಅಂಕ ಏರುವುದಿಲ್ಲ. ಆ ಹಣಕ್ಕೆ ಬರುವ ಗುಂಡಿನ ಪೆಟ್ಟಿಗೆಗಳೇ ಹೆಚ್ಚು ಕಲಿಸುತ್ತವೆ.

ಲಂಡನ್‌ನಲ್ಲಿ ಕರ್ಮಾಕರ್ ಅವರಿಗೆ ಕಡಿಮೆಯಾದ 1.9 ಅಂಕವನ್ನು 70 ಗುಂಡುಗಳಿಗೆ ಹಂಚಿದರೆ ಒಂದು ಗುಂಡಿನ ಪಾಲಿಗೆ ಬರುವುದು 0.03 ಅಂಕದಷ್ಟೂ ಇಲ್ಲ. ಆ ಹಂತ ತಲುಪಿದ, ಉಳಿದೆಲ್ಲವನ್ನೂ ಸರಿಮಾಡಿಕೊಂಡ ಶೂಟರ್‌ಗೆ ಟ್ಯೂನರ್ ಕೊಡಬಹುದಾದ ಸಣ್ಣ ನೆರವೂ ದೊಡ್ಡದೇ. ಅಲ್ಲಿಯವರೆಗೆ ತಿರುಗಿಸಿ ಸರಿಮಾಡಬೇಕಾದದ್ದು ಬ್ಯಾರೆಲ್ ತುದಿಯಲ್ಲಿ ಕಡಿಮೆ, ಟ್ರಿಗರ್‌ನ ಹಿಂದೆ ಹೆಚ್ಚು.